ವಿದ್ಯೆಯ ವೆಚ್ಚ ಹೊತ್ತವರು: ಪುಣೆಯ ಎರಡು ಶತಮಾನಗಳು

ಪುಣೆಯ ಶಿಕ್ಷಣದ ಇತಿಹಾಸವನ್ನು ಬರೆದವರು ಸಂಸ್ಥೆಗಳ ಹುಟ್ಟು, ಸಂಸ್ಥಾಪಕರ ರಾಜಕೀಯ ನಿಲುವು ಮತ್ತು ಅಲ್ಲಿ ಕಲಿತು ಹೊರಬಂದ ಮಹನೀಯರ ಸಾಧನೆಗಳಿಗೆ ಹೆಚ್ಚಿನ ಪುಟಗಳನ್ನು ಮೀಸಲಿಟ್ಟಿದ್ದಾರೆ. ಆ ಎಲ್ಲ ಸಂಸ್ಥೆಗಳ ಅಡಿಪಾಯದಲ್ಲಿದ್ದ ಹಣದ ಪ್ರಶ್ನೆಗೆ ಸಿಕ್ಕಿರುವ ಜಾಗ ಕಡಿಮೆ. ಒಬ್ಬ ತರುಣನನ್ನು ಅಥವಾ ತರುಣಿಯನ್ನು ಪದವಿಯವರೆಗೆ ಓದಿಸುವ ಖರ್ಚು ಯಾವ ಕಾಲದಲ್ಲೂ ಸಾಮಾನ್ಯ ಕುಟುಂಬಕ್ಕೆ ಹಗುರವಾಗಿರಲಿಲ್ಲ. ಕಾಲಕಾಲಕ್ಕೆ ಬದಲಾದದ್ದು ಆ ಖರ್ಚನ್ನು ಹೊರುವವರು. ಪೇಶ್ವೆಯರ ಖಜಾನೆ, ವಸಾಹತು ಸರ್ಕಾರ, ಅರ್ಧ ಸಂಬಳಕ್ಕೆ ದುಡಿದ ಅಧ್ಯಾಪಕರು, ಸಂಸ್ಥಾನಿಕರು ಮತ್ತು ವರ್ತಕರು, ಊಟ ಹಾಕಿದ ಮನೆಗಳು, ಸ್ವಾತಂತ್ರ್ಯಾನಂತರದ ರಾಜ್ಯ ಸರ್ಕಾರ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿದ ಹೊರೆ ಇಂದು ಖಾಸಗಿ ವಿಶ್ವವಿದ್ಯಾಲಯಗಳ ಕಾಲದಲ್ಲಿ ವಿದ್ಯಾರ್ಥಿಯ ಕುಟುಂಬದ ಮೇಲೆ, ಅದರಲ್ಲೂ ಆ ವಿದ್ಯಾರ್ಥಿ ಮುಂದೆಂದೋ ದುಡಿಯಲಿರುವ ಗಳಿಕೆಯ ಮೇಲೆ ಬಂದು ನಿಂತಿದೆ. ಈ ದಾಟುವಿಕೆಯ ಚರಿತ್ರೆ ಕನ್ನಡ ನಾಡಿಗೆ ಹೊರಗಿನದಲ್ಲ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳ ತರುಣರಿಗೆ ಪದವಿ ವ್ಯಾಸಂಗವೆಂದರೆ ಬಹುಮಟ್ಟಿಗೆ ಪುಣೆಯೋ ಮುಂಬಯಿಯೋ ಆಗಿತ್ತು.

ವಿದ್ಯೆಗಾಗಿ ಸಾರ್ವಜನಿಕ ಹಣವನ್ನು ಹಂಚುವ ಪದ್ಧತಿ ಪುಣೆಯಲ್ಲಿ ದಕ್ಷಿಣೆಯ ರೂಪದಲ್ಲಿ ನೆಲೆಗೊಂಡಿತು. ಮರಾಠಾ ಸೇನಾಪತಿ ಖಂಡೇರಾವ್ ದಾಭಾಡೆಯ ಮನೆತನ ತಳೇಗಾಂವ್‌ನಲ್ಲಿ ನಡೆಸುತ್ತಿದ್ದ ಈ ವಾರ್ಷಿಕ ದಾನವನ್ನು 1731ರ ಡಭೋಯಿ ಯುದ್ಧದಲ್ಲಿ ತ್ರಿಂಬಕರಾವ್ ದಾಭಾಡೆ ಮಡಿದ ಬಳಿಕ ಒಂದನೆಯ ಬಾಜೀರಾಯ ಪುಣೆಗೆ ತಂದನು. ಶ್ರಾವಣ ಮಾಸದಲ್ಲಿ ಕರ್ನಾಟಕ, ತೆಲಂಗಾಣ, ಕಾಶಿಯಂಥ ದೂರದ ಪ್ರದೇಶಗಳಿಂದಲೂ ಬರುತ್ತಿದ್ದ ಶಾಸ್ತ್ರಿಗಳು ಮತ್ತು ವೈದಿಕರು ಪರ್ವತಿ ಗುಡ್ಡದ ಬುಡದಲ್ಲಿದ್ದ ರಮಣಾ ಎಂಬ ಆವರಣದಲ್ಲಿ ನೆರೆಯುತ್ತಿದ್ದರು. ಅವರ ಪಾಂಡಿತ್ಯವನ್ನು ಅಳೆದು, ದರ್ಜೆಗೆ ತಕ್ಕಂತೆ ಹಣ ಕೊಡಲಾಗುತ್ತಿತ್ತು. ಪೇಶ್ವೆ ಆಡಳಿತದ ಕೊನೆಯ ದಶಕಗಳಲ್ಲಿ ಈ ವೆಚ್ಚ ಲಕ್ಷಗಟ್ಟಲೆ ರೂಪಾಯಿಗೆ ಏರಿತ್ತು. ಇದನ್ನು ಇಂದಿನ ವಿದ್ಯಾರ್ಥಿವೇತನದ ಪೂರ್ವರೂಪವೆಂದು ಕರೆಯುವುದಕ್ಕೆ ಮುನ್ನ ಎರಡು ಮಿತಿಗಳನ್ನು ಗಮನಿಸಬೇಕು. ದಕ್ಷಿಣೆ ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿತ್ತು, ಮತ್ತು ಅದು ಕಲಿಯುವವನ ಅಗತ್ಯಕ್ಕಿಂತ ಕಲಿತವನ ಪ್ರತಿಷ್ಠೆಗೆ ಸಲ್ಲುತ್ತಿತ್ತು. ಹಾಗಿದ್ದರೂ ವಿದ್ಯೆಯ ವೆಚ್ಚದಲ್ಲಿ ರಾಜ್ಯದ ಬೊಕ್ಕಸಕ್ಕೆ ಪಾಲಿದೆ ಎಂಬ ತತ್ವ ಇಲ್ಲಿ ಮೊದಲೇ ಒಪ್ಪಿತವಾಗಿತ್ತೆಂಬುದು ಮುಖ್ಯ.

1818ರಲ್ಲಿ ಪೇಶ್ವೆಯರ ರಾಜ್ಯ ಅಳಿದಾಗ ದಖ್ಖನ್ನಿನ ಆಡಳಿತ ವಹಿಸಿಕೊಂಡ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ದಕ್ಷಿಣೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ವರ್ಷಕ್ಕೆ 50,000 ರೂಪಾಯಿಗೆ ಇಳಿಸಿ ಮುಂದುವರಿಸಿದನು. ಈ ನಿಧಿಯ ಬಲದಿಂದಲೇ 1821ರಲ್ಲಿ ಕಮಿಷನರ್ ವಿಲಿಯಂ ಚಾಪ್ಲಿನ್ ವಿಶ್ರಾಮಬಾಗ್ ವಾಡೆಯಲ್ಲಿ ಹಿಂದೂ ಕಾಲೇಜು ಎಂಬ ಸಂಸ್ಕೃತ ಪಾಠಶಾಲೆಯನ್ನು ತೆರೆದನು. ಅಲ್ಲಿನ ವಿದ್ಯಾರ್ಥಿಗಳು ಶುಲ್ಕ ಕೊಡುವ ಮಾತಿರಲಿ, ನಿರ್ವಾಹಕ್ಕಾಗಿ ತಾವೇ ಹಣ ಪಡೆಯುತ್ತಿದ್ದರು. ದಕ್ಷಿಣೆ ಪಡೆಯುತ್ತಿದ್ದ ಹಳೆಯವರು ತೀರಿಕೊಂಡಂತೆ ಉಳಿಯುತ್ತ ಬಂದ ಮೊತ್ತದ ಬಳಕೆಯ ಬಗ್ಗೆ 1849ರಲ್ಲಿ ನಗರದಲ್ಲಿ ದೊಡ್ಡ ವಾದವೆದ್ದಿತು. ಲೋಕಹಿತವಾದಿ ಎಂದು ಹೆಸರಾದ ಗೋಪಾಳ ಹರಿ ದೇಶಮುಖ ಮತ್ತು ಅವರ ಜೊತೆಗಾರರು ಆ ಹಣವನ್ನು ಮರಾಠಿಯಲ್ಲಿ ಉಪಯುಕ್ತ ಗ್ರಂಥ ಬರೆದವರಿಗೆ ಬಹುಮಾನವಾಗಿ ಕೊಡಬೇಕೆಂದು ಸರ್ಕಾರಕ್ಕೆ ಮನವಿ ಮಾಡಿದರು. ಸಂಪ್ರದಾಯಸ್ಥರು ಇದನ್ನು ತೀವ್ರವಾಗಿ ವಿರೋಧಿಸಿದಾಗ ಸುಧಾರಕರ ರಕ್ಷಣೆಗೆ ನಿಂತವರಲ್ಲಿ ಜೋತಿರಾವ್ ಫುಲೆ ಇದ್ದರು. ಕೊನೆಗೆ ದಕ್ಷಿಣೆಯ ಒಂದು ಭಾಗ ಗ್ರಂಥ ಬಹುಮಾನಕ್ಕೂ, ಮತ್ತೊಂದು ಭಾಗ ಕಾಲೇಜುಗಳಲ್ಲಿ ಓದಿ ಪಾಠ ಹೇಳುವ ಪ್ರತಿಭಾವಂತರಿಗೆ ಕೊಡುವ ದಕ್ಷಿಣಾ ಫೆಲೊಶಿಪ್‌ಗೂ ತಿರುಗಿತು. ಮಹಾದೇವ ಗೋವಿಂದ ರಾನಡೆ ಇಂಥ ಫೆಲೊಗಳಲ್ಲಿ ಒಬ್ಬರು.

ಹಿಂದೂ ಕಾಲೇಜು 1851ರಲ್ಲಿ ಇಂಗ್ಲಿಷ್ ಶಾಲೆಯೊಡನೆ ಸೇರಿ ಪೂನಾ ಕಾಲೇಜಾಗಿ, 1864ರಲ್ಲಿ ಡೆಕ್ಕನ್ ಕಾಲೇಜೆಂಬ ಹೆಸರು ಪಡೆದು, 1868ರಲ್ಲಿ ಯೆರವಡೆಯ ಕಲ್ಲಿನ ಕಟ್ಟಡಕ್ಕೆ ಹೋಯಿತು. ಆ ಕಟ್ಟಡಕ್ಕೆ ಪಾರಸಿ ವರ್ತಕ ಸರ್ ಜಮಶೇಟ್‌ಜಿ ಜೀಜೀಭಾಯಿ 1 ಲಕ್ಷ ರೂಪಾಯಿ ಕೊಟ್ಟಿದ್ದರು. ಈ ದಾನಕ್ಕಿದ್ದ ಕಾನೂನಿನ ಶಕ್ತಿ ಬಹಳ ಕಾಲದ ನಂತರ ಬೆಳಕಿಗೆ ಬಂತು: 1934ರಲ್ಲಿ ಸರ್ಕಾರ ಕಾಲೇಜನ್ನು ಮುಚ್ಚಿದಾಗ ಹಳೆಯ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿ, ಜೀಜೀಭಾಯಿಯವರ ಹಣ ಶಿಕ್ಷಣಕ್ಕೆಂದೇ ಒಪ್ಪಿಸಿದ ನ್ಯಾಸವಾದ್ದರಿಂದ ಸರ್ಕಾರ ಅದನ್ನು ಕೈಬಿಡುವಂತಿಲ್ಲವೆಂದು ಹೋರಾಡಿದರು, 1939ರಲ್ಲಿ ಆ ಸಂಸ್ಥೆ ಸ್ನಾತಕೋತ್ತರ ಸಂಶೋಧನಾ ಕೇಂದ್ರವಾಗಿ ಮತ್ತೆ ತೆರೆಯಿತು. ಭಾಷಾವಿಜ್ಞಾನದಲ್ಲಿ ಕನ್ನಡಕ್ಕೆ ದೊಡ್ಡ ಕೊಡುಗೆ ಕೊಟ್ಟ ಡಿ.ಎನ್. ಶಂಕರ ಭಟ್ಟರಂಥವರು ಕೆಲಸ ಮಾಡಿದ್ದು ಹೀಗೆ ಉಳಿದುಬಂದ ಕಾಲೇಜಿನಲ್ಲಿ.

ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸರ್ಕಾರಿ ಕಾಲೇಜಿನ ಬಾಗಿಲು ಬಡವರಿಗೆ ಸುಲಭವಾಗಿ ತೆರೆಯುತ್ತಿರಲಿಲ್ಲ. ಗೋಪಾಲ ಗಣೇಶ ಆಗರಕರರು ಡೆಕ್ಕನ್ ಕಾಲೇಜಿನಲ್ಲಿ ಓದುವಾಗ ಒಂದೇ ಅಂಗಿಯನ್ನು ರಾತ್ರಿ ಒಗೆದು ಹಗಲು ತೊಡುತ್ತಿದ್ದರೆಂಬುದೂ, ಗೋಪಾಲ ಕೃಷ್ಣ ಗೋಖಲೆಯವರ ಅಣ್ಣ ತಿಂಗಳಿಗೆ 15 ರೂಪಾಯಿ ಸಂಬಳದ ನೌಕರಿಯಲ್ಲಿದ್ದುಕೊಂಡು 8 ರೂಪಾಯಿಯನ್ನು ತಮ್ಮನ ಓದಿಗೆ ಕಳಿಸಿ ಉಳಿದ 7 ರೂಪಾಯಿಯಲ್ಲಿ ಸಂಸಾರ ನಡೆಸಿದರೆಂಬುದೂ ಅವರ ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ಇಂಥ ಅನುಭವದಿಂದ ಬಂದವರೇ ಪುಣೆಯಲ್ಲಿ ಖಾಸಗಿ ಉನ್ನತ ಶಿಕ್ಷಣದ ಮೊದಲ ಪ್ರಯೋಗ ನಡೆಸಿದರು. ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲ ಗಂಗಾಧರ ತಿಲಕ ಮತ್ತು ಮಹಾದೇವ ಬಲ್ಲಾಳ ನಾಮಜೋಶಿ 1880ರ ಜನವರಿಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ, 1885ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿದವು. ಮುಂಬಯಿ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ ಈ ಕಾಲೇಜಿಗೆ ದಾನ ಕೊಟ್ಟಿದ್ದನು. ಕೊಲ್ಲಾಪುರದ ಛತ್ರಪತಿಯಿಂದ ಹಿಡಿದು ಪಟವರ್ಧನ ಸಂಸ್ಥಾನಿಕರವರೆಗೆ ದಖ್ಖನ್ನಿನ ಅರಸರನ್ನು ಕಂಡು ನಿಧಿ ಕೂಡಿಸುವ ಕೆಲಸವನ್ನು ನಾಮಜೋಶಿಯವರು ಊರೂರು ತಿರುಗಿ ಮಾಡಿದರು.

ಸೊಸೈಟಿಯ ಹಣಕಾಸಿನ ತಿರುಳು ಮಾತ್ರ ದಾನದಲ್ಲಿರಲಿಲ್ಲ, ಆಜೀವ ಸದಸ್ಯತ್ವ ಎಂಬ ವ್ಯವಸ್ಥೆಯಲ್ಲಿತ್ತು. ಆಜೀವ ಸದಸ್ಯನಾಗುವ ಅಧ್ಯಾಪಕನು 20 ವರ್ಷ ಸಂಸ್ಥೆಗೆ ದುಡಿಯುವುದಾಗಿ ಮಾತು ಕೊಡಬೇಕಾಗಿತ್ತು. ಪ್ರತಿಯಾಗಿ ಅವನಿಗೆ ಸಿಗುತ್ತಿದ್ದದ್ದು ತಿಂಗಳಿಗೆ 75 ರೂಪಾಯಿ ಮತ್ತು ಒಂದು ಜೀವವಿಮೆ. ಸರ್ಕಾರಿ ಕಾಲೇಜಿನ ಯುರೋಪಿಯನ್ ಪ್ರಾಧ್ಯಾಪಕನ ಸಂಬಳ ಇದರ ಹಲವು ಪಟ್ಟು ಇತ್ತು. ಕೇಂಬ್ರಿಜ್‌ನಲ್ಲಿ 1899ರ ಸೀನಿಯರ್ ರ್‍ಯಾಂಗ್ಲರ್ ಆಗಿ, ಅಂದರೆ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ ಮರಳಿದ ರಘುನಾಥ ಪುರುಷೋತ್ತಮ ಪರಾಂಜಪೆಯವರೂ ಈ ಷರತ್ತಿಗೆ ಒಪ್ಪಿ ಬಂದು 1902ರಿಂದ ಫರ್ಗ್ಯುಸನ್ನಿನ ಪ್ರಾಂಶುಪಾಲರಾದರು. ಅಧ್ಯಾಪಕನು ಬಿಟ್ಟುಕೊಟ್ಟ ಸಂಬಳವೇ ವಿದ್ಯಾರ್ಥಿಗೆ ಸಂದ ನೆರವಾಗಿತ್ತು, ಮತ್ತು ಆ ನೆರವಿಗೆ ಯಾವ ಅರ್ಜಿಯೂ ಆದಾಯ ಪ್ರಮಾಣಪತ್ರವೂ ಬೇಕಿರಲಿಲ್ಲ. ಈ ತ್ಯಾಗದ ಕಟ್ಟುಪಾಡು ಎಷ್ಟು ಕಠಿಣವಾಗಿತ್ತೆಂಬುದನ್ನು ಸಂಸ್ಥೆಯ ಒಳಜಗಳವೇ ತೋರಿಸುತ್ತದೆ: ಆಜೀವ ಸದಸ್ಯರು ಹೊರಗಿನ ಸಂಪಾದನೆಗೆ ಕೈಹಾಕಬಾರದು, ತಮ್ಮೆಲ್ಲ ಹೊತ್ತನ್ನೂ ಸಂಸ್ಥೆಗೇ ಕೊಡಬೇಕೆಂಬ ನಿಲುವನ್ನು ತಿಲಕರು ಬಿಟ್ಟುಕೊಡದೆ ಹೋದದ್ದು 1890ರಲ್ಲಿ ಅವರ ರಾಜೀನಾಮೆಗೆ ಮುಖ್ಯ ಕಾರಣಗಳಲ್ಲಿ ಒಂದಾಯಿತು. ವಾದ ಮಾಡಿದವರೆಲ್ಲರೂ ಬಡತನವನ್ನು ಬೇಕೆಂದೇ ಆರಿಸಿಕೊಂಡವರಾಗಿದ್ದರೆಂಬುದನ್ನು ಮರೆಯಬಾರದು.

ಈ ಮಾದರಿಯ ಪ್ರಭಾವ ಕನ್ನಡ ನಾಡಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೆಳಗಾವಿಯಲ್ಲಿ 1916ರಲ್ಲಿ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿ, ಅಂದರೆ ಕೆ.ಎಲ್.ಇ., ಆಜೀವ ಸದಸ್ಯರ ಇದೇ ಕ್ರಮವನ್ನು ಅಳವಡಿಸಿಕೊಂಡಿತು, ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಸಂಸ್ಥಾಪಕರನ್ನು ಜನ ಸಪ್ತರ್ಷಿಗಳೆಂದು ಕರೆದದ್ದು ಅವರ ತ್ಯಾಗಕ್ಕಾಗಿ. ಅದಕ್ಕೂ ಮೊದಲೇ, 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಸಮಾಜದ ವಿದ್ಯಾರ್ಥಿಗಳ ಓದಿಗೆ ಬರೆದುಕೊಟ್ಟಿದ್ದರು.

ಪುಣೆಯ ಕಾಲೇಜುಗಳಿಗೂ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಗೂ ಇದ್ದ ನಂಟು ಈ ಚರಿತ್ರೆಯಲ್ಲಿ ವಿಶೇಷವಾದದ್ದು. ಶಿಕ್ಷಣ ಪ್ರಸಾರಕ ಮಂಡಳಿಯು 1916ರಲ್ಲಿ ತೆರೆದ ನ್ಯೂ ಪೂನಾ ಕಾಲೇಜಿಗೆ ಜಮಖಂಡಿಯ ಪಟವರ್ಧನ ಅರಸರು ತಂದೆಯ ನೆನಪಿಗಾಗಿ 2 ಲಕ್ಷ ರೂಪಾಯಿ ಕೊಟ್ಟ ಮೇಲೆ ಅದು ಸರ್ ಪರಶುರಾಮಭಾವು ಕಾಲೇಜಾಯಿತು, ಪುಣೆಯವರು ಎಸ್.ಪಿ. ಕಾಲೇಜೆಂದು ಕರೆಯುವುದು ಇದನ್ನೇ. ಕೃಷ್ಣಾ ತೀರದ ರೈತರ ಕಂದಾಯ ಹೀಗೆ ಪುಣೆಯ ಕಾಲೇಜೊಂದರ ಬೆನ್ನಿಗೆ ನಿಂತಿತು. ಅದೇ ಜಮಖಂಡಿಯಿಂದ ಇಬ್ಬರು ಮಹನೀಯರು ಎರಡು ಬಗೆಯ ನೆರವು ಹಿಡಿದು ಪುಣೆಗೆ ಓದಲು ಹೋದರು. 1886ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆ, ಮುಂದೆ ಗುರುದೇವ ರಾನಡೆಯೆಂದು ಹೆಸರಾದವರು, 1902ರ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಗೆದ್ದು ಡೆಕ್ಕನ್ ಕಾಲೇಜು ಸೇರಿದರು. ಮುಂದೆ ತಾವೇ ಡೆಕ್ಕನ್ ಎಜುಕೇಷನ್ ಸೊಸೈಟಿಯ ಆಜೀವ ಸದಸ್ಯರಾಗಿ ಫರ್ಗ್ಯುಸನ್ನಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಪರೀಕ್ಷೆಯ ಅಂಕ ತಂದುಕೊಟ್ಟ ನೆರವದು. 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರ ದಾರಿ ಬೇರೆ. ಮರಾಠಾ ಕುಟುಂಬದ ಈ ಬಡ ಹುಡುಗ 1893ರಲ್ಲಿ ಫರ್ಗ್ಯುಸನ್ ಕಾಲೇಜಿಗೆ ಬಂದಾಗ ಕೈಹಿಡಿದದ್ದು ಪುಣೆಯ ವಕೀಲ ಗಂಗಾರಾಮಭಾವು ಮ್ಹಸ್ಕೆಯವರು ಕಟ್ಟಿದ ಡೆಕ್ಕನ್ ಮರಾಠಾ ಎಜುಕೇಷನ್ ಅಸೋಸಿಯೇಷನ್‌ನ ಮಾಸಿಕ ವೇತನ. ಆಮೇಲೆ ಬರೋಡೆಯ ಸಯಾಜಿರಾವ್ ಗಾಯಕವಾಡರ ನೆರವು ಬಂತು. ಮುಂದೆ ಆಕ್ಸ್‌ಫರ್ಡ್‌ನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಶಾಸ್ತ್ರ ಓದಿ ಬಂದು 1906ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ಶಿಂದೆಯವರ ಇಡೀ ಜೀವನಕಾರ್ಯಕ್ಕೆ ಆ ಸಣ್ಣ ಮಾಸಿಕ ವೇತನ ದಾರಿ ಮಾಡಿಕೊಟ್ಟಿತು.

ಈ ಎರಡು ಬಗೆಯ ನೆರವಿನ ನಡುವಿನ ಅಂತರವನ್ನು ಶಿಂದೆಯವರು ಪುಣೆಗೆ ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಫುಲೆಯವರು ಎತ್ತಿ ತೋರಿಸಿದ್ದರು. 1882ರಲ್ಲಿ ಸರ್ ವಿಲಿಯಂ ಹಂಟರ್ ಅಧ್ಯಕ್ಷತೆಯ ಶಿಕ್ಷಣ ಆಯೋಗಕ್ಕೆ ಸಲ್ಲಿಸಿದ ಹೇಳಿಕೆಯಲ್ಲಿ, ರೈತರ ಬೆವರಿನಿಂದ ಬರುವ ಕಂದಾಯದ ಹಣ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹರಿಯುತ್ತಿದೆಯೆಂದು ಅವರು ಆಕ್ಷೇಪಿಸಿದರು. ವಿದ್ಯಾರ್ಥಿವೇತನಗಳನ್ನು ಕೇವಲ ಸ್ಪರ್ಧೆಯ ಮೇಲೆ ಕೊಡುವುದು ಮೇಲುನೋಟಕ್ಕೆ ನ್ಯಾಯವಾಗಿ ಕಂಡರೂ ವಿದ್ಯೆ ಇನ್ನೂ ತಲುಪದ ಜನರಲ್ಲಿ ಅದನ್ನು ಹರಡಲು ನೆರವಾಗುವುದಿಲ್ಲ, ಆದ್ದರಿಂದ ಅಂಥ ವರ್ಗಗಳಿಗೆ ಕೆಲವು ವೇತನಗಳನ್ನು ತೆಗೆದಿಡಬೇಕು ಎಂಬುದು ಅವರ ವಾದದ ಸಾರ. ಪುಣೆಯ ಶಿಕ್ಷಣದ ಹಣಕಾಸಿನ ಬಗ್ಗೆ ಇದಕ್ಕಿಂತ ತೀಕ್ಷ್ಣವಾದ ಮಾತನ್ನು ಬೇರೆ ಯಾರೂ ಆಡಿಲ್ಲ, ಮತ್ತು ಅದು ಇಂದಿಗೂ ಹಳೆಯದಾಗಿಲ್ಲ.

ಶುಲ್ಕವೊಂದೇ ವೆಚ್ಚವಲ್ಲ. ಪರಸ್ಥಳದಿಂದ ಬಂದ ಹುಡುಗನಿಗೆ ಅನ್ನ ಮತ್ತು ನೆಲೆ ಶುಲ್ಕಕ್ಕಿಂತ ದೊಡ್ಡ ಚಿಂತೆ. ವಾರದ ಏಳು ದಿನ ಏಳು ಮನೆಗಳಲ್ಲಿ ಊಟ ಮಾಡುವ ವಾರಾನ್ನದ ಪದ್ಧತಿ ಮತ್ತು ಮನೆಮನೆಗೆ ಹೋಗಿ ಬೇಯಿಸಿದ ಅನ್ನ ಬೇಡಿ ತರುವ ಮಧುಕರಿ ಪದ್ಧತಿ ಪುಣೆಯ ಪೇಟೆಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಉಳಿದಿದ್ದವು. 1909ರಲ್ಲಿ ಆರಂಭವಾದ ಅನಾಥ ವಿದ್ಯಾರ್ಥಿ ಗೃಹವು ಮಧುಕರಿಯನ್ನೇ ಆಧಾರ ಮಾಡಿಕೊಂಡು ಬಡ ಹುಡುಗರನ್ನು ಓದಿಸಿತು. ಹೀಗೆ ಊರಿನ ಗೃಹಿಣಿಯರು ವಿದ್ಯೆಯ ವೆಚ್ಚದಲ್ಲಿ ದಿನದಿನವೂ ಪಾಲು ಕೊಟ್ಟರು, ಆದರೆ ಯಾವ ವರದಿಯ ಜಮಾಖರ್ಚಿನಲ್ಲೂ ಆ ಪಾಲು ಕಾಣುವುದಿಲ್ಲ. ಈ ಅನ್ನ ಜಾತಿಯ ಗೆರೆಯನ್ನು ದಾಟಿ ಹರಿಯಲಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕು. ಬ್ರಾಹ್ಮಣೇತರ ವಿದ್ಯಾರ್ಥಿಗಳಿಗಾಗಿ ಶಾಹೂ ಮಹಾರಾಜರು 1901ರಿಂದ ಕೊಲ್ಲಾಪುರದಲ್ಲಿ ವಸತಿಗೃಹಗಳ ಸಾಲನ್ನೇ ಕಟ್ಟಿಸಬೇಕಾಗಿ ಬಂದದ್ದು ಈ ಕಾರಣಕ್ಕೆ. ಕನ್ನಡದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬಂಧುಗಳ ಮನೆಯೇ ಆಸರೆ. ದ.ರಾ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವಿ ಪಡೆದದ್ದು ಚಿಕ್ಕಪ್ಪನ ಆಸರೆಯಲ್ಲಿ. ಕರ್ನಾಟಕ ಏಕೀಕರಣದ ಹರಿಕಾರ ಆಲೂರು ವೆಂಕಟರಾಯರೂ ಅದೇ ಕಾಲೇಜಿನ ವಿದ್ಯಾರ್ಥಿ. ಸ್ವಾತಂತ್ರ್ಯದ ನಂತರ ಹಳ್ಳಿಗಳಿಂದ ಬರುವವರಿಗಾಗಿ ಅಚ್ಯುತರಾವ್ ಆಪಟೆಯವರು 1955ರಲ್ಲಿ ಕಟ್ಟಿದ ವಿದ್ಯಾರ್ಥಿ ಸಹಾಯಕ ಸಮಿತಿ ಇದೇ ಪರಂಪರೆಯ ಮುಂದುವರಿಕೆ, ಆದರೆ ಜಾತಿಯ ಗೆರೆಯಿಲ್ಲದ ಮುಂದುವರಿಕೆ.

ಸರ್ಕಾರದ ಹಂಗಿಲ್ಲದ ವಿಶ್ವವಿದ್ಯಾಲಯವೆಂಬ ಅರ್ಥದಲ್ಲಿ ಪುಣೆಯ ಮೊದಲ ಖಾಸಗಿ ವಿಶ್ವವಿದ್ಯಾಲಯ ಇಂದಿನದಲ್ಲ, 1916ರದು. ಫರ್ಗ್ಯುಸನ್ನಿನ ಗಣಿತ ಅಧ್ಯಾಪಕ ಧೋಂಡೊ ಕೇಶವ ಕರ್ವೆಯವರು ವಿಧವೆಯರ ಆಶ್ರಮವನ್ನು 1896ರಲ್ಲಿ ಆರಂಭಿಸಿ, 1900ರಲ್ಲಿ ಅದನ್ನು ಊರ ಹೊರಗಿನ ಹಿಂಗಣೆಗೆ ಒಯ್ದು, ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಓದಿದ ಪ್ರೇರಣೆಯಿಂದ ಅಲ್ಲೇ ಮಹಿಳಾ ವಿಶ್ವವಿದ್ಯಾಲಯವನ್ನು ತೆರೆದರು. ಮೊದಲ ತಂಡದಲ್ಲಿದ್ದವರು ಐವರು ವಿದ್ಯಾರ್ಥಿನಿಯರು. ಬೋಧನೆ ಮಾತೃಭಾಷೆಯಲ್ಲಿ, ಪದವಿಯ ಹೆಸರು ಗೃಹೀತಾಗಮಾ, ಸಂಕ್ಷೇಪವಾಗಿ ಜಿ.ಎ. ಸರ್ಕಾರದ ಮಾನ್ಯತೆ ಇಲ್ಲದ್ದರಿಂದ ಆ ಪದವಿಯಿಂದ ಸರ್ಕಾರಿ ನೌಕರಿ ಸಿಗುವಂತಿರಲಿಲ್ಲ, ಸರ್ಕಾರದ ಅನುದಾನವೂ ಇರಲಿಲ್ಲ. ಹಣ ಕೂಡಿಸುವ ವಿದ್ಯೆಯನ್ನು ಕರ್ವೆಯವರು ಬಹಳ ಮೊದಲೇ ಕಲಿತಿದ್ದರು: ತಮ್ಮೂರಾದ ಮುರೂಡಿನವರಿಂದ ಆದಾಯದ ರೂಪಾಯಿಗೆ ಒಂದು ಪೈಸೆಯಂತೆ ಸಂಗ್ರಹಿಸುವ ಮುರೂಡ್ ನಿಧಿಯನ್ನು 1886ರಲ್ಲೇ ಆರಂಭಿಸಿದ್ದ ಅವರು ವಿಶ್ವವಿದ್ಯಾಲಯಕ್ಕಾಗಿಯೂ ಸಾವಿರಾರು ಜನರಿಂದ ಸಣ್ಣ ಸಣ್ಣ ಮೊತ್ತಗಳನ್ನು ಬೇಡಿ ತಂದರು. 1920ರಲ್ಲಿ ಮುಂಬಯಿಯ ಗಿರಣಿ ಮಾಲೀಕ ಸರ್ ವಿಠ್ಠಲದಾಸ ಠಾಕರ್ಸಿಯವರು ತಾಯಿ ನಾಥೀಬಾಯಿಯ ಹೆಸರಿನಲ್ಲಿ 15 ಲಕ್ಷ ರೂಪಾಯಿಯ ದಾನ ಘೋಷಿಸಿದಾಗ ಸಂಸ್ಥೆಗೆ ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ ಮಹಿಳಾ ವಿಶ್ವವಿದ್ಯಾಲಯವೆಂಬ ಹೆಸರು ಬಂತು. ಕೇಂದ್ರ ಮುಂದೆ ಮುಂಬಯಿಗೆ ಹೋಯಿತು. ಕಾಯ್ದೆಯ ಮಾನ್ಯತೆ ಸಿಕ್ಕಿದ್ದು ಸ್ವಾತಂತ್ರ್ಯ ಬಂದ ಮೇಲೆ. ಮೂರು ದಶಕಗಳ ಕಾಲ ಸರ್ಕಾರದ ಮಾನ್ಯತೆಯಿಲ್ಲದೆ ನಿಂತ ಈ ಸಂಸ್ಥೆ, ಖಾಸಗಿ ವಿಶ್ವವಿದ್ಯಾಲಯವೆಂದರೆ ಹೆಚ್ಚಿನ ಶುಲ್ಕವೇ ಆಗಬೇಕಿಲ್ಲ ಎಂಬುದಕ್ಕೆ ಪುಣೆಯ ಚರಿತ್ರೆಯಲ್ಲೇ ಇರುವ ಪುರಾವೆ. ತಿಲಕರ ನೆನಪಿಗಾಗಿ 1921ರಲ್ಲಿ ಸ್ಥಾಪಿತವಾದ ತಿಲಕ ಮಹಾರಾಷ್ಟ್ರ ವಿದ್ಯಾಪೀಠವೂ ಅಸಹಕಾರ ಚಳವಳಿಯ ಕಾಲದ ಇಂಥದೇ ಸಾಹಸ.

ವಿದ್ಯಾರ್ಥಿಯ ದುಡಿಮೆಯಿಂದಲೇ ಶುಲ್ಕವನ್ನು ತೀರಿಸುವ ಬೇರೊಂದು ಮಾರ್ಗ ಬೆಂಗಳೂರಿನ ಮೂಲಕ ಪುಣೆಗೆ ಬಂದಿತು. ಅಡ್ವೆಂಟಿಸ್ಟ್ ಕ್ರೈಸ್ತರು 1915ರಲ್ಲಿ ಕೊಯಮತ್ತೂರಿನಲ್ಲಿ ತೆರೆದ ಶಾಲೆ ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಬಹುಕಾಲ ನಡೆದು, 1942ರಲ್ಲಿ ಪುಣೆಗೆ ಸ್ಥಳಾಂತರವಾಯಿತು; ಸ್ಪೈಸರ್ ಕಾಲೇಜೆಂದು ಹೆಸರಾದದ್ದು ಇದೇ. ತೋಟ, ಬೇಕರಿ, ಮುದ್ರಣಾಲಯಗಳಲ್ಲಿ ಕೆಲಸ ಮಾಡಿ ಶುಲ್ಕದ ಒಂದು ಭಾಗವನ್ನು ತೀರಿಸುವ ಅವಕಾಶ ಅಲ್ಲಿನ ವಿದ್ಯಾರ್ಥಿಗಳಿಗಿತ್ತು. ಇದೇ ಸಂಸ್ಥೆ 2014ರಲ್ಲಿ ರಾಜ್ಯ ಶಾಸನದ ಮೂಲಕ ಖಾಸಗಿ ವಿಶ್ವವಿದ್ಯಾಲಯವಾಯಿತು. ರಯತ ಶಿಕ್ಷಣ ಸಂಸ್ಥೆಯನ್ನು 1919ರಲ್ಲಿ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು ಸಾತಾರೆಯಲ್ಲಿ ನಡೆಸಿದ ದುಡಿದು ಕಲಿಯುವ ಪ್ರಯೋಗದ ಹೆಸರಿನಲ್ಲಿ ಪುಣೆ ವಿಶ್ವವಿದ್ಯಾಲಯ ಇಂದಿಗೂ ಒಂದು ಯೋಜನೆ ನಡೆಸುತ್ತಿದೆ.

1949ರಲ್ಲಿ ಪುಣೆ ವಿಶ್ವವಿದ್ಯಾಲಯ ಸ್ಥಾಪನೆಯಾದ ನಂತರದ ಮೂರು ದಶಕಗಳನ್ನು ಸಂಕ್ಷೇಪವಾಗಿ ಹೇಳಬಹುದು: ಅನುದಾನಿತ ಕಾಲೇಜುಗಳ ಅಧ್ಯಾಪಕರ ಸಂಬಳವನ್ನು ಸರ್ಕಾರ ವಹಿಸಿಕೊಂಡಿತು, ಆಜೀವ ಸದಸ್ಯತ್ವದ ತ್ಯಾಗಕ್ಕೆ ಅಗತ್ಯ ಉಳಿಯಲಿಲ್ಲ, ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಇ.ಬಿ.ಸಿ. ಎಂದು ಜನ ಕರೆಯುವ ಶುಲ್ಕ ರಿಯಾಯಿತಿ ಬಂತು, ಪರಿಶಿಷ್ಟ ಜಾತಿಯವರಿಗೆ 1944ರಲ್ಲಿ ಆರಂಭವಾಗಿದ್ದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ವಿಸ್ತರಿಸಿತು. ವೆಚ್ಚದ ದೊಡ್ಡ ಪಾಲು ಸರ್ಕಾರದ ಮೇಲಿದ್ದ ಕಾಲವದು.

ತಿರುವು 1983ರಲ್ಲಿ ಬಂತು. ಮುಖ್ಯಮಂತ್ರಿ ವಸಂತದಾದಾ ಪಾಟೀಲರ ಸರ್ಕಾರ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟಿತು. ಮಹಾರಾಷ್ಟ್ರದ ಹುಡುಗರು ಸೀಟು ಹುಡುಕಿಕೊಂಡು ಕರ್ನಾಟಕಕ್ಕೆ ಹೋಗುವುದನ್ನು ತಪ್ಪಿಸಬೇಕೆಂಬುದು ಆಗ ಮುಂದಿಟ್ಟ ಸಮರ್ಥನೆಗಳಲ್ಲಿ ಒಂದು. ಕರ್ನಾಟಕದಲ್ಲಿ ಮಣಿಪಾಲದ ಟಿ.ಎಂ.ಎ. ಪೈಯವರು 1953ರಲ್ಲೇ ಖಾಸಗಿ ವೈದ್ಯಕೀಯ ಕಾಲೇಜು ತೆರೆದು ಈ ದಾರಿಯನ್ನು ತೋರಿಸಿದ್ದರು. ಪತಂಗರಾವ್ ಕದಮರು 1964ರಲ್ಲಿ ಕಟ್ಟಿದ ಭಾರತಿ ವಿದ್ಯಾಪೀಠ, ವಿಶ್ವನಾಥ ಕರಾಡರ ಎಂ.ಐ.ಟಿ., ಡಿ.ವೈ. ಪಾಟೀಲ ಸಮೂಹ ಇವೆಲ್ಲ ಈ ಅಲೆಯಲ್ಲಿ ಬೆಳೆದವು. ಪ್ರವೇಶದ ಹೊತ್ತಿಗೆ ಶುಲ್ಕದ ಹೊರತಾಗಿ ಕೇಳುವ ದೊಡ್ಡ ಮೊತ್ತಕ್ಕೆ, ಅಂದರೆ ಜನರ ಮಾತಿನಲ್ಲಿ ಡೊನೇಷನ್ ಎನಿಸಿಕೊಂಡ ಕ್ಯಾಪಿಟೇಷನ್ ಶುಲ್ಕಕ್ಕೆ, ಕರ್ನಾಟಕ 1984ರಲ್ಲೂ ಮಹಾರಾಷ್ಟ್ರ 1987ರಲ್ಲೂ ಕಾಯ್ದೆಯ ಮೂಲಕ ನಿಷೇಧ ಹೇರಿದವು. ಒಂದು ಕಾಲಕ್ಕೆ ಫರ್ಗ್ಯುಸನ್ನಿನ ಗೋಡೆಗಳನ್ನು ಎಬ್ಬಿಸಿದ ದಾನವೆಂಬ ವ್ಯವಸ್ಥೆ ಬಡವನ ಮಗನನ್ನು ಹೊರಗಿಡುವ ಸಾಧನವಾದದ್ದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ.

ಮುಂದಿನ ಎರಡು ದಶಕಗಳ ಕಾಲ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದಲ್ಲಿ ಬೆಳೆಯಿತು, ಮತ್ತು ಮುಖ್ಯ ಮೊಕದ್ದಮೆಗಳಲ್ಲಿ ಎರಡು ಕರ್ನಾಟಕದಿಂದಲೂ ಒಂದು ಪುಣೆಯಿಂದಲೂ ಹೋದವು. ತುಮಕೂರಿನ ವೈದ್ಯಕೀಯ ಕಾಲೇಜಿಗೆ ಸಂಬಂಧಿಸಿದ 1992ರ ಮೋಹಿನಿ ಜೈನ್ ಪ್ರಕರಣದ ಹಿನ್ನೆಲೆಯಲ್ಲಿದ್ದ ಸರ್ಕಾರಿ ಅಧಿಸೂಚನೆಯಂತೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಶುಲ್ಕವಿತ್ತು. ಇಂಥ ವಸೂಲಿ ಕ್ಯಾಪಿಟೇಷನ್ನೇ ಎಂದು ನ್ಯಾಯಾಲಯ ಹೇಳಿತು. 1993ರ ಉನ್ನಿಕೃಷ್ಣನ್ ತೀರ್ಪು ಅರ್ಧ ಸೀಟುಗಳಲ್ಲಿ ಹೆಚ್ಚು ಕೊಡುವವರ ಹಣದಿಂದ ಉಳಿದರ್ಧದವರು ಸರ್ಕಾರಿ ದರದಲ್ಲಿ ಓದುವ ವ್ಯವಸ್ಥೆಯನ್ನು ರೂಪಿಸಿತು. ಶ್ರೀಮಂತ ಸಹಪಾಠಿ ಬಡ ಸಹಪಾಠಿಯ ಖರ್ಚಿನಲ್ಲಿ ಪಾಲು ಹೊರುವ ಈ ಕ್ರಮವನ್ನು 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ರದ್ದುಪಡಿಸಿ, ಲಾಭಕೋರತನವಿಲ್ಲದೆ ಶುಲ್ಕ ನಿಗದಿಪಡಿಸುವ ಹಕ್ಕನ್ನು ಸಂಸ್ಥೆಗಳಿಗೆ ಕೊಟ್ಟಿತು. ಪುಣೆಯ ಆಝಮ್ ಕ್ಯಾಂಪಸ್ಸನ್ನು ಬೆಳೆಸಿದ ಪಿ.ಎ. ಇನಾಮದಾರರ ಹೆಸರಿನ 2005ರ ತೀರ್ಪು ಆ ಹಕ್ಕನ್ನು ಉಳಿಸಿಕೊಂಡೇ, ಕ್ಯಾಪಿಟೇಷನ್ ತಡೆಯಲು ಶುಲ್ಕ ಸಮಿತಿಗಳು ಇರಬಹುದೆಂದೂ, ಅನಿವಾಸಿ ಭಾರತೀಯರಿಗೆ ಶೇಕಡಾ 15ರವರೆಗೆ ಸೀಟು ಕೊಡಬಹುದೆಂದೂ ಹೇಳಿತು. ಉನ್ನಿಕೃಷ್ಣನ್ ವ್ಯವಸ್ಥೆಯಲ್ಲಿ ದೋಷಗಳಿದ್ದವು. ಆದರೆ ಅದು ಹೋದ ಮೇಲೆ ಅದರ ಜಾಗಕ್ಕೆ ಅಷ್ಟೇ ಬಲದ ಬೇರೊಂದು ವ್ಯವಸ್ಥೆ ಬರಲಿಲ್ಲ.

ಇದೇ ಅವಧಿಯಲ್ಲಿ ಹಲವು ಸಂಸ್ಥೆಗಳು 1956ರ ಯು.ಜಿ.ಸಿ. ಕಾಯ್ದೆಯ 3ನೆಯ ಕಲಮಿನಡಿ ಡೀಮ್ಡ್, ಅಂದರೆ ವಿಶ್ವವಿದ್ಯಾಲಯವೆಂದು ಪರಿಗಣಿತವಾದ ಸಂಸ್ಥೆಗಳಾದವು: ಭಾರತಿ ವಿದ್ಯಾಪೀಠ 1996ರಲ್ಲಿ, ಶಾಂ.ಬ. ಮುಜುಮದಾರರು 1971ರಲ್ಲಿ ಸ್ಥಾಪಿಸಿದ ಸಿಂಬಯಾಸಿಸ್ 2002ರಲ್ಲಿ. 2014ರ ನಂತರ ಪ್ರತ್ಯೇಕ ಶಾಸನಗಳ ಮೂಲಕ ಅಜಿಂಕ್ಯ ಡಿ.ವೈ. ಪಾಟೀಲ, ಫ್ಲೇಮ್, ಎಂ.ಐ.ಟಿ.ಯ ವಿಶ್ವವಿದ್ಯಾಲಯಗಳು, ವಿಶ್ವಕರ್ಮ ಮೊದಲಾದವು ಬಂದವು. ಇವುಗಳಲ್ಲಿ ವೃತ್ತಿಶಿಕ್ಷಣದ ವಾರ್ಷಿಕ ಶುಲ್ಕ ಲಕ್ಷಗಳಲ್ಲಿದೆ, ಹಾಸ್ಟೆಲ್ಲು ಮತ್ತು ಮೆಸ್ಸಿನ ಖರ್ಚು ಬೇರೆ. ನೆರವಿನ ಹೆಸರಿನಲ್ಲಿ ಈ ಸಂಸ್ಥೆಗಳು ಕೊಡುವುದು ಹೆಚ್ಚಾಗಿ ಪ್ರವೇಶ ಪರೀಕ್ಷೆಯ ಅಂಕಗಳಿಗೆ ತಕ್ಕ ಶುಲ್ಕ ಕಡಿತ. ಸ್ಪರ್ಧೆಯೊಂದನ್ನೇ ಅಳತೆಯಾಗಿಸಿಕೊಂಡ ವೇತನದ ಬಗ್ಗೆ ಫುಲೆಯವರು 1882ರಲ್ಲಿ ಹೇಳಿದ ಆಕ್ಷೇಪ ಇಲ್ಲಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ: ಒಳ್ಳೆಯ ಶಾಲೆ ಮತ್ತು ಕೋಚಿಂಗ್ ಕೈಗೆಟುಕಿದವನೇ ರಿಯಾಯಿತಿಯನ್ನೂ ಪಡೆಯುತ್ತಾನೆ.

ಉಳಿದದ್ದು ಸಾಲ. ಓದಿಗೆ ಸಾಲ ಕೊಡುವ ಪದ್ಧತಿ ಭಾರತದಲ್ಲಿ ಹೊಸದಲ್ಲ, ಜೆ.ಎನ್. ಟಾಟಾ ದತ್ತಿ 1892ರಿಂದ ವಿದೇಶ ವ್ಯಾಸಂಗಕ್ಕೆ ಮರುಪಾವತಿಯ ವೇತನ ಕೊಡುತ್ತ ಬಂದಿದೆ, ಕೇಂದ್ರ ಸರ್ಕಾರ 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಆರಂಭಿಸಿತ್ತು. ಆದರೆ ಸಾಲವೇ ಮುಖ್ಯ ಮಾರ್ಗವಾದದ್ದು 2001ರಲ್ಲಿ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣ ಸಾಲ ಯೋಜನೆ ರೂಪಿಸಿದ ಮೇಲೆ. 4 ಲಕ್ಷದವರೆಗೆ ಜಾಮೀನಿಲ್ಲದೆ, 7.5 ಲಕ್ಷ ಮೀರಿದರೆ ಆಸ್ತಿಯ ಅಡಮಾನದೊಡನೆ, ಓದು ಮುಗಿದ ಮೇಲೆ ಒಂದು ವರ್ಷದ ಬಿಡುವಿನ ನಂತರ ಕಂತು ಎಂಬುದು ಅದರ ಚೌಕಟ್ಟು. ವಾರ್ಷಿಕ ಆದಾಯ 4.5 ಲಕ್ಷದೊಳಗಿನ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆ 2009ರಲ್ಲಿ ಬಂತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಅದರ ನೋಡಲ್ ಬ್ಯಾಂಕು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಜಾಮೀನಿಲ್ಲದ ಸಾಲವೂ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ಸಹಾಯವೂ ಇದೆ. ಇವು ಉಪಯುಕ್ತ ಯೋಜನೆಗಳೇ. ಆದರೆ ಬಡ್ಡಿಗೆ ಸಹಾಯ ಸಿಕ್ಕರೂ ಅಸಲು ಕುಟುಂಬದ ಮೇಲೆಯೇ ಉಳಿಯುತ್ತದೆ.

ಮಹಾರಾಷ್ಟ್ರದ ಹಳೆಯ ಇ.ಬಿ.ಸಿ. ರಿಯಾಯಿತಿ ಇಂದು ರಾಜರ್ಷಿ ಶಾಹೂ ಮಹಾರಾಜರ ಹೆಸರಿನಲ್ಲಿ, 8 ಲಕ್ಷದ ಆದಾಯ ಮಿತಿಯೊಡನೆ ಮುಂದುವರಿದಿದೆ. ಆರ್ಥಿಕವಾಗಿ ಹಿಂದುಳಿದ, ಇತರ ಹಿಂದುಳಿದ ಮತ್ತು ಸಾಮಾಜಿಕವಾಗಿ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಶಿಕ್ಷಣದ ಶುಲ್ಕವನ್ನು ಪೂರ್ತಿಯಾಗಿ ಮನ್ನಾ ಮಾಡುವ 2024ರ ಜುಲೈ ತಿಂಗಳ ಆದೇಶ ಕರ್ವೆಯವರ ನಗರಕ್ಕೆ ತಕ್ಕ ಹೆಜ್ಜೆ. ಆದರೆ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳನ್ನೂ ಸ್ವಯಂ ಆರ್ಥಿಕ ವಿಶ್ವವಿದ್ಯಾಲಯಗಳನ್ನೂ ಆ ಆದೇಶ ಹೊರಗಿಟ್ಟಿದೆ. ಅಂದರೆ ಶುಲ್ಕ ಅತಿ ಹೆಚ್ಚಾಗಿರುವ ಕಡೆಯೇ ರಾಜ್ಯದ ನೆರವು ನಿಲ್ಲುತ್ತದೆ. ಖಾಸಗಿ ಸಂಸ್ಥೆಯ ಶುಲ್ಕವನ್ನು ಸರ್ಕಾರ ಏಕೆ ತುಂಬಬೇಕೆಂಬ ವಾದದಲ್ಲಿ ಹುರುಳಿದೆ. ಹಾಗಿದ್ದ ಮೇಲೆ ಭೂಮಿ, ತೆರಿಗೆ ವಿನಾಯಿತಿ ಮತ್ತು ಪದವಿ ಕೊಡುವ ಅಧಿಕಾರವನ್ನು ಸಮಾಜದಿಂದ ಪಡೆದ ಸಂಸ್ಥೆ ತನ್ನ ಆದಾಯದ ನಿಶ್ಚಿತ ಪಾಲನ್ನು ಅಂಕವನ್ನು ನೋಡದೆ ಅಗತ್ಯವನ್ನು ನೋಡಿ ಹಂಚಬೇಕೆಂದು ಕಾನೂನು ಕಡ್ಡಾಯಪಡಿಸಬೇಕು.

ಅದಾಗುವವರೆಗೆ ಗಡಿಯ ಕನ್ನಡ ಕುಟುಂಬಗಳು ಪುಣೆಯ ಪ್ರವೇಶದ ಹಣ ಕಟ್ಟುವ ಮೊದಲು ನಿಯಮಗಳನ್ನು ಓದಿಕೊಳ್ಳಬೇಕು. ಜತ್ತ ಅಥವಾ ಅಕ್ಕಲಕೋಟೆಯ ಕನ್ನಡಿಗ ವಿದ್ಯಾರ್ಥಿ ಮಹಾರಾಷ್ಟ್ರದ ನಿವಾಸಿಯಾದ್ದರಿಂದ ಅಲ್ಲಿನ ಸರ್ಕಾರದ ಯೋಜನೆಗಳಿಗೆ ಅರ್ಹ, ಆದರೆ ಆರಿಸಿದ ಸಂಸ್ಥೆ ಆ ಯೋಜನೆಗಳ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ವಿಜಯಪುರ ಅಥವಾ ಬೆಳಗಾವಿಯಿಂದ ಹೋಗುವವರಿಗೆ ಮಹಾರಾಷ್ಟ್ರದ ರಿಯಾಯಿತಿ ಸಿಗುವುದಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಯಾಗಿದ್ದರೆ ಹೊರರಾಜ್ಯದ ಓದಿಗೂ ಪೋಸ್ಟ್ ಮೆಟ್ರಿಕ್ ವೇತನವನ್ನು ತವರು ರಾಜ್ಯವಾದ ಕರ್ನಾಟಕದಿಂದಲೇ ಕೇಳಬೇಕು, ಉಳಿದವರು ಕೇಂದ್ರದ ಸಾಲ ಯೋಜನೆಯ ಪಟ್ಟಿಯಲ್ಲಿ ತಮ್ಮ ಸಂಸ್ಥೆಯ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು.